ಪೋಲೀಸಿನವರು ತಡೆದು ಶೋಧಿಸುವಾಗ ನಾವು ತಿಳಿದಿರಬೇಕಾದ ಹಕ್ಕುಗಳು

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಠಾಣೆ, ಶೋಧನೆ, ದಸ್ತಗಿರಿ ಎಂಬ ಮಾತುಗಳನ್ನು ಕಂಡು ಕೆಲವು ತಾಯಿತಂದೆಗಳು ಆಶ್ಚರ್ಯಪಡಬಹುದು. ನಮ್ಮ ಹೆಣ್ಣುಮಕ್ಕಳಿಗೂ ಪೋಲೀಸಿನವರಿಗೂ ಏನು ಸಂಬಂಧ, ಮರ್ಯಾದಸ್ಥರ ಮಕ್ಕಳು ಅಂಥ ಸಂದರ್ಭಕ್ಕೆ ಏಕೆ ಸಿಕ್ಕಿಯಾರು ಎಂದು ಅವರು ಕೇಳಬಹುದು. ಕಾಯಿದೆಯ ಅರಿವು ತಪ್ಪಿತಸ್ಥರಿಗಿಂತಲೂ ತಪ್ಪಿಲ್ಲದವರಿಗೇ ಹೆಚ್ಚಾಗಿ ಬೇಕೆಂಬುದು ನನ್ನ ಉತ್ತರ. ತಪ್ಪು ಮಾಡಿದವನು ವಕೀಲನನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತಾನೆ. ನಿರಪರಾಧಿಯಾದ ಹುಡುಗಿಯಾದರೋ ರಸ್ತೆಯಲ್ಲಿ ನಿಂತು, ಏನು ಹೇಳಬೇಕು, ಏನು ತೋರಿಸಬೇಕು, ಎಲ್ಲಿಗೆ ಹೋಗಬೇಕಾಗಿಲ್ಲ ಎಂಬುದನ್ನರಿಯದೆ ನಡುಗುತ್ತಾಳೆ. ಆ ಹೆದರಿಕೆಯನ್ನು ಕಳೆಯುವುದು ಶಾಲೆಯ ಕೆಲಸಗಳಲ್ಲಿ ಒಂದಾಗಿದೆ.

ಕಿರಂಗೂರು ಶ್ರೀರಂಗಪಟ್ಟಣದ ಮಗ್ಗುಲಲ್ಲಿ, ಬೆಂಗಳೂರು ಮೈಸೂರುಗಳ ನಡುವಣ ಹೆದ್ದಾರಿಯ ಮೇಲಿರುವ ಊರು. ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವುದು ಇಲ್ಲಿಯ ಬನ್ನಿಮಂಟಪದಿಂದಲೇ. ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆಗಳಿಂದ ಶ್ರೀರಂಗಪಟ್ಟಣಕ್ಕೂ ಮೈಸೂರಿಗೂ ಓದಲು, ಕೆಲಸಮಾಡಲು, ಕಬ್ಬು ಬೆಲ್ಲದ ಹಣವನ್ನು ತರಲು ನಿತ್ಯವೂ ಓಡಾಡುವ ಕುಟುಂಬಗಳು ಬಹಳ. ದಸರೆಯ ಬಂದೋಬಸ್ತಿನಲ್ಲಿಯೂ, ಚುನಾವಣೆಯ ತಪಾಸಣೆಯಲ್ಲಿಯೂ, ಸಂಚಾರ ನಿಯಮಗಳ ಪರೀಕ್ಷೆಯಲ್ಲಿಯೂ ಇವರು ಪೋಲೀಸಿನವರ ಮುಂದೆ ನಿಲ್ಲಬೇಕಾಗಿ ಬರುವುದು ಸಹಜವಾಗಿದೆ. ಆದುದರಿಂದ ಈ ಲೇಖನವನ್ನು ನಮ್ಮ ವಿದ್ಯಾರ್ಥಿನಿಯರು ತಾವು ಓದಿದ ಮೇಲೆ ಮನೆಯಲ್ಲಿ ತಾಯಂದಿರಿಗೂ ಓದಿ ಹೇಳಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಅಧಿಕಾರವೂ ಅದರ ಎಲ್ಲೆಯೂ

ಪೋಲೀಸಿನವರಿಗೆ ತಡೆಯುವ, ಶೋಧಿಸುವ ಅಧಿಕಾರವೇ ಇರಬಾರದೆಂದು ಯಾರೂ ತಿಳಿಯಬಾರದು. 2023ನೆಯ ಇಸವಿಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿಯ ಪೋಲೀಸಿನವರು ವಾಹನಗಳನ್ನು ತಪಾಸಣೆ ಮಾಡುತ್ತಿರುವಾಗ ನಿಲ್ಲದೆ ಓಡಿದ ಒಂದು ಕಾರನ್ನು ಬೆನ್ನಟ್ಟಿ ಹಿಡಿದರು. ಆ ಜಾಡನ್ನು ಹಿಡಿದು ವಿಚಾರಿಸಲಾಗಿ, ನಮ್ಮ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಗರ್ಭಿಣಿಯರ ಹೊಟ್ಟೆಯನ್ನು ಯಂತ್ರದಿಂದ ಪರೀಕ್ಷಿಸಿ, ಹೆಣ್ಣೆಂದು ತಿಳಿದುಬಂದ ಭ್ರೂಣಗಳನ್ನು ತೆಗೆಸುವ ಜಾಲವೇ ಬೆಳಕಿಗೆ ಬಂತು. ದಾರಿಯಲ್ಲಿ ನಡೆದ ಒಂದು ತಪಾಸಣೆಯು ಎಷ್ಟೋ ಹೆಣ್ಣುಕೂಸುಗಳ ಪ್ರಾಣದ ಪ್ರಶ್ನೆಯಾಗಿತ್ತೆಂಬುದನ್ನು ಹೆಣ್ಣುಮಕ್ಕಳ ಶಾಲೆಯವರಾದ ನಾವು ಮರೆಯಲಾಗದು.

ಆದರೆ ಅದೇ ಅಧಿಕಾರವು ಎಚ್ಚರಿಕೆಯಿಲ್ಲದೆ ನಡೆದರೆ ಏನಾಗುತ್ತದೆಂಬುದಕ್ಕೂ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವುಂಟು. 2025ನೆಯ ಮೇ ತಿಂಗಳ 26ರಂದು ಮಂಡ್ಯದಲ್ಲಿ, ನಾಯಿ ಕಚ್ಚಿದ್ದ ಮೂರು ವರ್ಷ ದಾಟಿದ ಹೆಣ್ಣುಮಗುವನ್ನು ತಾಯಿತಂದೆಗಳು ಬೈಕಿನ ಮೇಲೆ ಆಸ್ಪತ್ರೆಗೆ ಕರೆದೊಯ್ಯುತ್ತಿರುವಾಗ, ಸಂಚಾರ ಪೋಲೀಸಿನವರು ತಡೆದ ಸಂದರ್ಭದಲ್ಲಿ ಅವರೆಲ್ಲರೂ ಕೆಳಕ್ಕೆ ಬಿದ್ದು, ಹಿಂದೆ ಬಂದ ವಾಹನಕ್ಕೆ ಸಿಕ್ಕಿ ಆ ಮಗು ತೀರಿಕೊಂಡಿತು. ಮೂವರು ಸಹಾಯಕ ಸಬ್ ಇನ್‌ಸ್ಪೆಕ್ಟರರನ್ನು ಅಮಾನತಿನಲ್ಲಿಟ್ಟರು. ಇದಾದ ಕೆಲವೇ ದಿನಗಳಲ್ಲಿ ರಾಜ್ಯದ ಪೋಲೀಸು ಮುಖ್ಯಾಧಿಕಾರಿಗಳು ಎಲ್ಲ ಜಿಲ್ಲೆಗಳಿಗೂ ಸೂಚನೆ ಕಳುಹಿಸಿ, ಕಣ್ಣಿಗೆ ಕಾಣುವ ನಿಯಮಭಂಗವಿಲ್ಲದೆ ಬರಿಯ ಕಾಗದಪತ್ರಗಳ ತಪಾಸಣೆಗಾಗಿ ವಾಹನಗಳನ್ನು ನಿಲ್ಲಿಸಕೂಡದೆಂದೂ, ಏಕಾಏಕಿ ವಾಹನದ ಮುಂದೆ ಅಡ್ಡ ಬರಕೂಡದೆಂದೂ, ಕೀಲಿಕೈಯನ್ನು ಕಿತ್ತುಕೊಳ್ಳಕೂಡದೆಂದೂ ತಿಳಿಸಿದರು. ಅಧಿಕಾರಕ್ಕೆ ಎಲ್ಲೆ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ದುಃಖಕರವಾದ ಪಾಠ ಬೇರೆ ಬೇಕಾಗಿಲ್ಲ.

ಈ ಎಲ್ಲೆಗಳು ಎಲ್ಲಿಂದ ಬಂದವು?

ನಮ್ಮ ಅಜ್ಜಂದಿರ ಕಾಲದಲ್ಲಿ ಪ್ರಜೆಗೆ ಪೋಲೀಸಿನವರೆದುರಿಗೆ ಇದ್ದ ರಕ್ಷಣೆ ಅಲ್ಪವಾಗಿತ್ತು. 1938ನೆಯ ಏಪ್ರಿಲ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಶಿವಪುರದಲ್ಲಿ ಬಾವುಟವನ್ನು ಏರಿಸಲು ಹೋದ ಮುಖಂಡರನ್ನು ದಸ್ತಗಿರಿ ಮಾಡಿದ ಸಂಗತಿ ಹಿರಿಯರಿಗೆಲ್ಲ ಗೊತ್ತು. 1950ನೆಯ ಜನವರಿ 26ರಂದು ಭಾರತದ ಸಂವಿಧಾನವು ಜಾರಿಗೆ ಬಂದ ಮೇಲೆ ಸರ್ಕಾರದ ಕೈಗೂ ಕಟ್ಟುಪಾಡು ಬಂತು. ಅದರ 20ನೆಯ ವಿಧಿಯು ಯಾರನ್ನೂ ತನ್ನ ಮೇಲೆ ತಾನೇ ಸಾಕ್ಷಿ ನುಡಿಯುವಂತೆ ಬಲಾತ್ಕರಿಸಕೂಡದೆಂದು ಹೇಳುತ್ತದೆ. 21ನೆಯ ವಿಧಿಯು ಕಾನೂನಿನ ಕ್ರಮದಿಂದಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಕೂಡದೆಂದು ಹೇಳುತ್ತದೆ. 22ನೆಯ ವಿಧಿಯು ದಸ್ತಗಿರಿಯಾದವರಿಗೆ ಕಾರಣವನ್ನು ತಿಳಿಯುವ, ವಕೀಲರನ್ನು ಕಾಣುವ, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವ ಹಕ್ಕುಗಳನ್ನು ಕೊಡುತ್ತದೆ.

ದಿನನಿತ್ಯದ ಕಾರ್ಯಕ್ರಮವನ್ನು ಗೊತ್ತುಮಾಡುವ ಕಾಯಿದೆಯು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯೆಂದಿತ್ತು. 1973ರ ಆ ಸಂಹಿತೆಯ ಸ್ಥಾನದಲ್ಲಿ 2024ನೆಯ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ಎಂಬುದು ನಡೆಯುತ್ತಿದೆ. ಮುಂದೆ ಪ್ರಕರಣಗಳ ಸಂಖ್ಯೆಯನ್ನು ಹೇಳುವಾಗ ಬೇರೆ ಕಾಯಿದೆಯ ಹೆಸರನ್ನು ಹೇಳದಿದ್ದರೆ ಈ ಹೊಸ ಸಂಹಿತೆಯೆಂದೇ ತಿಳಿಯಬೇಕು.

ನಮ್ಮ ರಾಜ್ಯದವರೊಬ್ಬರ ಹೆಸರನ್ನು ಇಲ್ಲಿ ಹೇಳುವುದು ಉಚಿತ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅವರ ಮೊಕದ್ದಮೆಯಲ್ಲಿ 2017ನೆಯ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ, ಪ್ರತಿಯೊಬ್ಬರಿಗೂ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಮಾನಿಸಿದರು. ನಮ್ಮ ದೇಹ, ಮನೆ, ಕಾಗದ, ಕೈಚೀಲ ಇವುಗಳನ್ನು ಕಾರಣವಿಲ್ಲದೆ ಕೆದಕಕೂಡದೆಂಬುದಕ್ಕೆ ಈ ತೀರ್ಪು ದೊಡ್ಡ ಆಧಾರವಾಗಿದೆ.

ತಡೆಯುವುದು, ಶೋಧಿಸುವುದು, ದಸ್ತಗಿರಿ ಮಾಡುವುದು ಈ ಮೂರೂ ಬೇರೆಬೇರೆ ಕಾರ್ಯಗಳು. ಒಂದೊಂದಕ್ಕೂ ಬೇರೆ ಕಾರಣ, ಬೇರೆ ಕ್ರಮ ಉಂಟು. ಇವುಗಳನ್ನು ಒಂದರೊಡನೊಂದು ಕಲಸಿಕೊಳ್ಳುವುದರಿಂದಲೇ ಜನರು ಹೆಚ್ಚಾಗಿ ಗಾಬರಿಪಡುತ್ತಾರೆ.

ದಾರಿಯಲ್ಲಿ ತಡೆದಾಗ

ಸಮವಸ್ತ್ರದಲ್ಲಿರುವ ಪೋಲೀಸಿನವರು ಕೇಳಿದಾಗ ವಾಹನ ನಡೆಯಿಸುವವರು ಲೈಸೆನ್ಸನ್ನು ತೋರಿಸಬೇಕೆಂದು 1988ರ ಮೋಟಾರು ವಾಹನಗಳ ಕಾಯಿದೆಯ 130ನೆಯ ಪ್ರಕರಣವು ಹೇಳುತ್ತದೆ. ಕಾಗದದ ಲೈಸೆನ್ಸೇ ಆಗಬೇಕೆಂದಿಲ್ಲ; ಸರ್ಕಾರದ ಡಿಜಿಲಾಕರಿನಲ್ಲಿರುವ ಪ್ರತಿಯನ್ನು ಮೊಬೈಲಿನಲ್ಲಿ ತೋರಿಸಿದರೂ ಅದು ಸಿಂಧುವಾಗಿದೆ. ತಡೆದಾಗ ವಾಹನವನ್ನು ಎಡಕ್ಕೆ ನಿಲ್ಲಿಸಿ ಯಂತ್ರವನ್ನು ಆರಿಸಿ, ಶಾಂತಸ್ವರದಿಂದ, “ಸ್ವಾಮಿ, ತಡೆದ ಕಾರಣವೇನು?” ಎಂದು ಕೇಳುವುದು ಅವಿನಯವಲ್ಲ. ದಂಡವನ್ನು ವಿಧಿಸಿದರೆ ರಶೀದಿಯನ್ನು ಕೇಳಿ ಪಡೆಯಬೇಕು. ತಪ್ಪನ್ನು ಒಪ್ಪದವರು ಸ್ಥಳದಲ್ಲಿಯೇ ಹಣವನ್ನು ಕಟ್ಟಲೇಬೇಕೆಂಬ ನಿರ್ಬಂಧವಿಲ್ಲ. ನ್ಯಾಯಾಲಯದಲ್ಲಿ ಹೇಳಿಕೊಳ್ಳುತ್ತೇನೆಂದು ತಿಳಿಸಬಹುದು. ರಶೀದಿಯಿಲ್ಲದೆ ಹಣ ಕೊಟ್ಟರೆ ಅದು ದಂಡವೆನ್ನಿಸದೆ ಲಂಚವೆನ್ನಿಸುತ್ತದೆ, ಮತ್ತು ಕೊಟ್ಟವರಿಗೂ ಅದು ಕೇಡೇ.

ಹಕ್ಕಿನೊಡನೆ ಹೊಣೆಯನ್ನೂ ಹೇಳಬೇಕು. ಹದಿನೆಂಟು ತುಂಬದ ಮಗಳ ಕೈಗೆ ಸ್ಕೂಟರನ್ನು ಕೊಡುವ ತಂದೆತಾಯಿಗಳಿಗೆ ಅದೇ ಕಾಯಿದೆಯ 199ಎ ಪ್ರಕರಣದಂತೆ 25,000 ರೂಪಾಯಿಗಳ ದಂಡವೂ ಮೂರು ವರ್ಷದವರೆಗೆ ಸೆರೆಮನೆಯೂ ವಿಧಿಸಲ್ಪಡಬಹುದು. 2023ನೆಯ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ಸ್ಕೂಟರು, ಬೈಕು, ಆಟೋರಿಕ್ಷಾಗಳಿಗೆ ಪ್ರವೇಶವಿಲ್ಲ. ಅವು ಪಕ್ಕದ ರಸ್ತೆಯಲ್ಲಿಯೇ ಹೋಗತಕ್ಕದ್ದು. ಶಿರಸ್ತ್ರಾಣವಿಲ್ಲದೆ ಹೊರಟು, ತಡೆದಾಗ ಹಕ್ಕುಗಳ ಮಾತನ್ನಾಡುವುದು ನಮ್ಮ ವಿದ್ಯಾರ್ಥಿನಿಯರಿಗೆ ತಕ್ಕುದಲ್ಲ.

ಅಪರಾಧಗಳನ್ನು ತಡೆಗಟ್ಟುವ ಕೆಲಸದಲ್ಲಿ ಪೋಲೀಸಿನವರು ಕೊಡುವ ಕಾನೂನುಬದ್ಧವಾದ ಆಜ್ಞೆಯನ್ನು ಎಲ್ಲರೂ ಪಾಲಿಸಬೇಕೆಂದು 172ನೆಯ ಪ್ರಕರಣವಿದೆ. ‘ಕಾನೂನುಬದ್ಧ’ ಎಂಬ ಮಾತನ್ನು ಮಾತ್ರ ಮರೆಯಬಾರದು. ಹೆಸರು, ವಿಳಾಸ ಕೇಳಿದರೆ ನಿಜವನ್ನೇ ಹೇಳಬೇಕು. ಪೋಲೀಸಿನವರ ಕಣ್ಣೆದುರಿಗೆ ಸಣ್ಣ ತಪ್ಪು ಮಾಡಿದವರು ಹೆಸರು ವಿಳಾಸಗಳನ್ನು ಮರೆಮಾಡಿದರೆ, ಅದನ್ನು ತಿಳಿದುಕೊಳ್ಳುವುದಕ್ಕಾಗಿಯೇ ಅವರನ್ನು ದಸ್ತಗಿರಿ ಮಾಡುವ ಅಧಿಕಾರವು 39ನೆಯ ಪ್ರಕರಣದಲ್ಲಿದೆ.

ದೇಹವನ್ನೂ ಕೈಚೀಲವನ್ನೂ ಶೋಧಿಸುವಾಗ

ಹೆಣ್ಣಿನ ದೇಹವನ್ನು ಹೆಣ್ಣೇ ಶೋಧಿಸಬೇಕು, ಅದೂ ಮಾನಮರ್ಯಾದೆಗೆ ಸಂಪೂರ್ಣ ಲಕ್ಷ್ಯವಿಟ್ಟು. ಇದು ಔದಾರ್ಯದ ಮಾತಲ್ಲ, ಕಾಯಿದೆಯ ಮಾತು. ದಸ್ತಗಿರಿಯಾದವರ ಶೋಧನೆಯನ್ನು ಹೇಳುವ 49ನೆಯ ಪ್ರಕರಣದಲ್ಲಿಯೂ, ಶೋಧನೆ ನಡೆಯುವ ಸ್ಥಳದಲ್ಲಿ ವಸ್ತುವನ್ನು ಬಚ್ಚಿಟ್ಟುಕೊಂಡಿರುವ ಸಂಶಯಕ್ಕೊಳಗಾದವರನ್ನು ಕುರಿತ 103ನೆಯ ಪ್ರಕರಣದಲ್ಲಿಯೂ ಇದೇ ನಿಯಮವಿದೆ. ಆದುದರಿಂದ ಗಂಡು ಪೋಲೀಸಿನವರು ಶೋಧಿಸಲು ಬಂದರೆ, “ಮಹಿಳಾ ಪೋಲೀಸಿನವರನ್ನು ಕರೆಯಿಸಿರಿ, ಅಲ್ಲಿಯವರೆಗೆ ನಾನು ಇಲ್ಲಿಯೇ ನಿಂತಿರುತ್ತೇನೆ” ಎಂದು ಸ್ಪಷ್ಟವಾಗಿ ಹೇಳಬೇಕು. ಹೇಳಿ ಅಲ್ಲಿಯೇ ನಿಂತಿರಬೇಕು, ಓಡಬಾರದು. ದೇಹದಿಂದ ತೆಗೆದುಕೊಂಡ ವಸ್ತುಗಳಿಗೆ ಪಟ್ಟಿಯನ್ನೋ ರಶೀದಿಯನ್ನೋ ಕೊಡುವುದು ಶೋಧಿಸಿದವರ ಕರ್ತವ್ಯವಾಗಿದೆ.

ಮಾದಕವಸ್ತುಗಳ ಸಂಶಯವಿರುವಲ್ಲಿ ಇನ್ನೂ ಒಂದು ರಕ್ಷಣೆಯುಂಟು. 1985ರ ಮಾದಕವಸ್ತುಗಳ ಕಾಯಿದೆಯ 50ನೆಯ ಪ್ರಕರಣದಂತೆ, ದೇಹವನ್ನು ಶೋಧಿಸುವ ಮೊದಲು, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ಶೋಧನೆಯಾಗಬೇಕೆಂದು ಕೇಳುವ ಹಕ್ಕು ನಿಮಗುಂಟೆಂಬುದನ್ನು ಅಧಿಕಾರಿಯು ನಿಮಗೆ ತಿಳಿಸಬೇಕು. ಈ ನಿಯಮವು ದೇಹಕ್ಕೆ ಮಾತ್ರ ಸಲ್ಲುವುದು, ಕೈಯಲ್ಲಿ ಹಿಡಿದ ಚೀಲಕ್ಕೆ ಸಲ್ಲದು ಎಂದು 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಇದರಿಂದ ನಮ್ಮ ಹುಡುಗಿಯರು ಕಲಿಯಬೇಕಾದ ಬುದ್ಧಿಯೊಂದಿದೆ: ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಗುರುತಿಲ್ಲದವರು, “ಅಮ್ಮಾ, ಈ ಗಂಟನ್ನು ಸ್ವಲ್ಪ ಇಟ್ಟುಕೊಂಡಿರು” ಎಂದರೆ ಇಟ್ಟುಕೊಳ್ಳಬಾರದು. ನಿಮ್ಮ ಕೈಯಲ್ಲಿ ಸಿಕ್ಕಿದ ವಸ್ತುವಿಗೆ ನೀವು ಉತ್ತರ ಹೇಳಬೇಕಾಗುತ್ತದೆ.

ಚುನಾವಣೆಯ ಕಾಲದಲ್ಲಿ ಹಣದ ತಪಾಸಣೆ ನಡೆಯುವುದು. ಬೆಲ್ಲ ಮಾರಿದ ಹಣವನ್ನೋ ಮದುವೆಗೆ ಕೂಡಿಟ್ಟ ಹಣವನ್ನೋ ಒಯ್ಯುವವರು ಮಾರಾಟದ ಚೀಟಿ, ಬ್ಯಾಂಕಿನ ಪುಸ್ತಕ, ಲಗ್ನಪತ್ರಿಕೆ ಇವುಗಳಲ್ಲಿ ಯಾವುದಾದರೂ ಆಧಾರವನ್ನು ಜೊತೆಗಿಟ್ಟುಕೊಳ್ಳುವುದು ಒಳಿತು. ಹೆಂಗಸರ ಕೈಚೀಲವನ್ನು ಮಹಿಳಾ ಅಧಿಕಾರಿಯಿಲ್ಲದೆ ಪರೀಕ್ಷಿಸಕೂಡದೆಂದು ಚುನಾವಣಾ ಆಯೋಗದ ಕಾರ್ಯವಿಧಾನದಲ್ಲಿಯೇ ಹೇಳಿದೆ. ಹಣವನ್ನು ವಶಪಡಿಸಿಕೊಂಡರೆ ಅದಕ್ಕೆ ಲಿಖಿತವಾದ ಕಾಗದವನ್ನು ಪಡೆದು, ಜಿಲ್ಲೆಯಲ್ಲಿ ಅದಕ್ಕಾಗಿಯೇ ನೇಮಕವಾದ ಮೂವರು ಅಧಿಕಾರಿಗಳ ಸಮಿತಿಗೆ ಮನವಿ ಮಾಡಿಕೊಳ್ಳಬಹುದು.

ಮನೆಯನ್ನು ಶೋಧಿಸುವಾಗ

ಮನೆಗೆ ಪೋಲೀಸಿನವರು ಬಂದಾಗ ಮೊದಲು ಕೇಳಬೇಕಾದುದು ವಾರಂಟಿನ ವಿಷಯ. ಸಾಮಾನ್ಯವಾಗಿ ಶೋಧನೆಗೆ ಮ್ಯಾಜಿಸ್ಟ್ರೇಟರ ವಾರಂಟು ಬೇಕು. ತಡಮಾಡಿದರೆ ವಸ್ತುವು ಕೈತಪ್ಪೀತೆಂದು ತೋರಿದಾಗ ತನಿಖೆ ನಡೆಯಿಸುವ ಅಧಿಕಾರಿಯು ವಾರಂಟಿಲ್ಲದೆಯೂ ಶೋಧಿಸಬಹುದು. ಆದರೆ 185ನೆಯ ಪ್ರಕರಣದಂತೆ ಅದರ ಕಾರಣಗಳನ್ನು ಮೊದಲೇ ಬರೆದಿಟ್ಟು, ಆ ದಾಖಲೆಯ ಪ್ರತಿಯನ್ನು 48 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು.

ಶೋಧನೆಯು ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರರೂ ಗೌರವಸ್ಥರೂ ಆದ ಪಂಚರ ಮುಂದೆ ನಡೆಯಬೇಕು. ಮನೆಯವರಿಗೆ ಶೋಧನೆಯ ಕಾಲದಲ್ಲಿ ಜೊತೆಯಲ್ಲಿರುವ ಹಕ್ಕುಂಟು. ತೆಗೆದುಕೊಂಡ ವಸ್ತುಗಳೆಲ್ಲದರ ಪಟ್ಟಿಯನ್ನು ಬರೆದು, ಪಂಚರ ರುಜು ಹಾಕಿಸಿ, ಅದರ ಪ್ರತಿಯನ್ನು ಮನೆಯವರಿಗೆ ಕೊಡಬೇಕು. ಹೊಸ ಸಂಹಿತೆಯ 105ನೆಯ ಪ್ರಕರಣವು ಇನ್ನೊಂದು ದೊಡ್ಡ ರಕ್ಷಣೆಯನ್ನು ಸೇರಿಸಿದೆ: ಶೋಧನೆಯನ್ನೂ ಪಟ್ಟಿ ಮಾಡಿ ರುಜು ಹಾಕಿಸುವುದನ್ನೂ ದೃಶ್ಯ ಶಬ್ದಗಳೊಡನೆ ಮೊಬೈಲಿನಲ್ಲಾಗಲಿ ಬೇರೆ ಸಾಧನದಲ್ಲಾಗಲಿ ಚಿತ್ರೀಕರಿಸಿ, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸತಕ್ಕದ್ದು. ಬರೆಯದ ಕಾಗದಕ್ಕೆ, ಓದಿ ಹೇಳದ ಮಹಜರಿಗೆ ಮನೆಯವರು ರುಜು ಹಾಕಬಾರದು. ಓದುಬಾರದ ಅಜ್ಜಿಯು ಹೆಬ್ಬೆಟ್ಟು ಒತ್ತುವ ಮೊದಲು ಶಾಲೆಗೆ ಹೋಗುವ ಮೊಮ್ಮಗಳು ಅದನ್ನು ಓದಿ ಹೇಳಬೇಕು. ವಿದ್ಯೆಗೆ ಇದಕ್ಕಿಂತ ನೇರವಾದ ಪ್ರಯೋಜನವಿನ್ನಾವುದು?

ಇನ್ನು ನೆರೆಯವರ ಮನೆಯ ಶೋಧನೆಗೆ ನಿಮ್ಮ ತಂದೆಯನ್ನೋ ತಾಯಿಯನ್ನೋ ಪಂಚರಾಗಿ ಲಿಖಿತ ಆಜ್ಞೆಯಿಂದ ಕರೆದರೆ, ನ್ಯಾಯವಾದ ಕಾರಣವಿಲ್ಲದೆ ತಪ್ಪಿಸಿಕೊಳ್ಳುವುದು ಅಪರಾಧವಾಗುತ್ತದೆ. ಗೌರವಸ್ಥರೆಲ್ಲ, ‘ನಮಗೇಕೆ ಈ ಗೊಡವೆ’ ಎಂದು ಹಿಂದೆಗೆದರೆ, ಬಡವನ ಮನೆಯ ಶೋಧನೆಗೆ ಠಾಣೆಯ ಮುಂದೆ ಸದಾ ಕಾದಿರುವವರೇ ಪಂಚರಾಗುತ್ತಾರೆ.

ಮೊಬೈಲು ಫೋನು

ಈಗಿನ ಕಾಲದಲ್ಲಿ ಕೈಯೊಳಗಿನ ಫೋನು ಮನೆಯ ಪೆಟ್ಟಿಗೆಗಿಂತ ಹೆಚ್ಚಿನ ಗುಟ್ಟುಗಳನ್ನು ಹೊತ್ತಿದೆ. 2021ನೆಯ ಮಾರ್ಚ್ 12ರಂದು ಕರ್ನಾಟಕದ ಉಚ್ಚ ನ್ಯಾಯಾಲಯವು ವೀರೇಂದ್ರ ಖನ್ನಾ ಮೊಕದ್ದಮೆಯಲ್ಲಿ ಈ ವಿಷಯವನ್ನು ಪರಿಶೀಲಿಸಿತು. ಫೋನಿನ ಒಡೆಯರು ಒಪ್ಪದಿದ್ದರೆ, ಅದರೊಳಗಿನದನ್ನು ನೋಡಲು ಪೋಲೀಸಿನವರು ನ್ಯಾಯಾಲಯದಿಂದ ಶೋಧನೆಯ ವಾರಂಟನ್ನು ಪಡೆಯಬೇಕೆಂದೂ, ಬಹು ತುರ್ತಾದ ಸಂದರ್ಭಗಳಲ್ಲಿ ಮಾತ್ರ ಕಾರಣಗಳನ್ನು ಬರೆದಿಟ್ಟು ವಾರಂಟಿಲ್ಲದೆ ನೋಡಬಹುದೆಂದೂ ಅದು ಹೇಳಿತು. ಹಾಗೆಯೇ, ಫೋನನ್ನು ತೆರೆಯುವ ಗುಪ್ತಪದವನ್ನು ಕೊಡುವುದು ತನ್ನ ಮೇಲೆ ತಾನೇ ಸಾಕ್ಷಿ ನುಡಿದಂತಾಗದೆಂದೂ ಹೇಳಿತು. ಆದುದರಿಂದ ನ್ಯಾಯಾಲಯದ ಆಜ್ಞೆ ಬಂದ ಮೇಲೆ ಹಟ ಮಾಡುವುದರಿಂದ ಪ್ರಯೋಜನವಿಲ್ಲ. ಆಜ್ಞೆಯಿಲ್ಲದೆ ದಾರಿಯಲ್ಲಿ ಫೋನನ್ನು ಕೇಳಿದರೆ, “ವಾರಂಟಿದ್ದರೆ ತೋರಿಸಿರಿ, ಕೊಡುತ್ತೇನೆ” ಎಂದು ವಿನಯದಿಂದ ಹೇಳಬಹುದು.

ಠಾಣೆಗೆ ಬಾ ಎಂದಾಗ

ಸಾಕ್ಷಿಯ ವಿಚಾರಣೆಗಾಗಿ ಹೆಂಗಸರನ್ನು ಠಾಣೆಗೆ ಬರಹೇಳಕೂಡದು; ಪೋಲೀಸಿನವರೇ ಆಕೆಯ ವಾಸಸ್ಥಳಕ್ಕೆ ಬಂದು ಕೇಳಬೇಕು. 179ನೆಯ ಪ್ರಕರಣದ ಈ ರಿಯಾಯಿತಿಯು ಹದಿನೈದು ತುಂಬದ ಹುಡುಗರಿಗೂ, ಅರುವತ್ತು ದಾಟಿದ ಗಂಡಸರಿಗೂ, ಅಂಗವಿಕಲರಿಗೂ, ತೀವ್ರವಾದ ಕಾಯಿಲೆಯವರಿಗೂ ಇದೆ. ಒರಿಸ್ಸಾದ ಮಾಜಿ ಮುಖ್ಯಮಂತ್ರಿಯಾಗಿದ್ದ ನಂದಿನಿ ಶತಪಥಿಯವರನ್ನೇ ಠಾಣೆಗೆ ಕರೆದಾಗ, 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಪ್ಪೆಂದು ಖಂಡಿಸಿತು; ತನ್ನನ್ನು ಅಪರಾಧಕ್ಕೆ ಸಿಕ್ಕಿಸುವಂಥ ಪ್ರಶ್ನೆಗೆ ಉತ್ತರ ಕೊಡದಿರುವ ಹಕ್ಕನ್ನೂ ಎತ್ತಿಹಿಡಿಯಿತು. ಮುಖ್ಯಮಂತ್ರಿಯಾಗಿದ್ದವರಿಗೆ ದೊರೆತ ಈ ರಕ್ಷಣೆಯು ಕೂಲಿಯ ಹೆಂಗಸಿಗೂ ಅಷ್ಟೇ ಸಲ್ಲುತ್ತದೆ.

ಉಳಿದ ಪ್ರಶ್ನೆಗಳಿಗೆ ಸತ್ಯವನ್ನೇ ಹೇಳಬೇಕು. ತನಿಖೆಯಲ್ಲಿ ಪೋಲೀಸಿನವರು ಬರೆದುಕೊಂಡ ಹೇಳಿಕೆಗೆ ರುಜು ಹಾಕಬೇಕಾಗಿಲ್ಲವೆಂದು 181ನೆಯ ಪ್ರಕರಣವು ಹೇಳುತ್ತದೆ. ಒಪ್ಪಿಗೆಯಿಲ್ಲದೆ ಔಷಧ ಕೊಟ್ಟೋ ಯಂತ್ರಗಳಿಂದಲೋ ಮನಸ್ಸಿನೊಳಗಿನದನ್ನು ಹೊರಡಿಸಕೂಡದೆಂದು 2010ನೆಯ ಮೇ 5ರಂದು, ನಮ್ಮ ಕರ್ನಾಟಕದಿಂದಲೇ ಹೋದ ಸೆಲ್ವಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು.

ದಸ್ತಗಿರಿಯಾದಾಗ

1986ರಲ್ಲಿ ಪಶ್ಚಿಮ ಬಂಗಾಳದ ಡಿ. ಕೆ. ಬಸು ಎಂಬವರು ಪೋಲೀಸು ವಶದಲ್ಲಿ ಜನರು ಸಾಯುತ್ತಿರುವುದನ್ನು ಕುರಿತು ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದವನ್ನು ಬರೆದರು. ಆ ಕಾಗದವನ್ನೇ ಅರ್ಜಿಯೆಂದೆಣಿಸಿ ವಿಚಾರಣೆ ನಡೆದು, 1996ನೆಯ ಡಿಸೆಂಬರ್ 18ರಂದು ಹನ್ನೊಂದು ಕಟ್ಟಳೆಗಳುಳ್ಳ ತೀರ್ಪು ಬಂತು. ಒಂದು ಕಾಗದದಿಂದ ಇಷ್ಟಾಯಿತೆಂಬುದನ್ನು ಪತ್ರಲೇಖನದ ಪಾಠವನ್ನು ಬೇಸರದಿಂದ ಓದುವ ಮಕ್ಕಳು ನೆನಪಿನಲ್ಲಿಡಬೇಕು. ಆ ಕಟ್ಟಳೆಗಳಲ್ಲಿ ಮುಖ್ಯವಾದುವು ಈಗ ಕಾಯಿದೆಯಲ್ಲಿಯೇ ಸೇರಿವೆ.

ದಸ್ತಗಿರಿ ಮಾಡುವವರು ಎಲ್ಲರಿಗೂ ಕಾಣುವಂತೆ ತಮ್ಮ ಹೆಸರಿನ ಗುರುತನ್ನು ಧರಿಸಿರಬೇಕು. ದಸ್ತಗಿರಿಯ ಜ್ಞಾಪನಪತ್ರವನ್ನು ಬರೆದು ಮನೆಯವರೊಬ್ಬರಿಂದಾಗಲಿ ಊರಿನ ಗೌರವಸ್ಥರೊಬ್ಬರಿಂದಾಗಲಿ ಸಾಕ್ಷಿ ಹಾಕಿಸಬೇಕು. ಬಂಧುವಿಗೋ ಗೆಳತಿಗೋ ತಿಳಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣಲು ಬಿಡಬೇಕು. ವೈದ್ಯ ಪರೀಕ್ಷೆ ಮಾಡಿಸಬೇಕು. ಹೆಣ್ಣಾದರೆ ಮಹಿಳಾ ವೈದ್ಯರಿಂದಲೋ ಅವರ ಮೇಲ್ವಿಚಾರಣೆಯಲ್ಲಿಯೋ. ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ದಸ್ತಗಿರಿಯ ಕಾರಣಗಳನ್ನು ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕೆಂದು 2025ನೆಯ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಕನ್ನಡವಲ್ಲದೆ ಬೇರೆಯರಿಯದ ತಾಯಿಗೆ ಇಂಗ್ಲಿಷಿನ ಕಾಗದವನ್ನು ಕೊಟ್ಟು ಕೈತೊಳೆದುಕೊಳ್ಳುವ ಕಾಲವು ಇದರಿಂದ ಕಳೆಯಿತು. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದಸ್ತಗಿರಿಯು ಸಾಮಾನ್ಯ ಕ್ರಮವಾಗಿರಕೂಡದೆಂದೂ, ಅವಶ್ಯಕತೆಯನ್ನು ಬರೆದಿಡಬೇಕೆಂದೂ, ಅವಶ್ಯವಿಲ್ಲದಲ್ಲಿ ಹಾಜರಾಗಲು ನೋಟೀಸು ಕೊಡಬೇಕೆಂದೂ ನಿಯಮವುಂಟು.

ಹೆಂಗಸರ ವಿಷಯದಲ್ಲಿ ವಿಶೇಷ ಕಟ್ಟಳೆಗಳಿವೆ. 43ನೆಯ ಪ್ರಕರಣದಂತೆ, ದಸ್ತಗಿರಿಯಾಗಿದೆಯೆಂದು ಬಾಯಿಮಾತಿನಲ್ಲಿ ತಿಳಿಸಿದರೆ ಆಕೆ ವಶವಾದಳೆಂದೇ ಎಣಿಸಬೇಕು. ಗಂಡು ಪೋಲೀಸಿನವರು ಸಾಧಾರಣವಾಗಿ ಆಕೆಯ ಮೈಮುಟ್ಟಕೂಡದು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸನ್ನು ದಸ್ತಗಿರಿ ಮಾಡಕೂಡದು; ಅಸಾಧಾರಣ ಸಂದರ್ಭದಲ್ಲಿ ಮಹಿಳಾ ಅಧಿಕಾರಿಯು ಲಿಖಿತ ವರದಿಯನ್ನೊಪ್ಪಿಸಿ, ಮ್ಯಾಜಿಸ್ಟ್ರೇಟರ ಅಪ್ಪಣೆಯನ್ನು ಮುಂಚಿತವಾಗಿ ಪಡೆಯಬೇಕು. ಹೆಂಗಸರನ್ನು ಬೇರೆ ಕೊಠಡಿಯಲ್ಲಿ ಮಹಿಳಾ ಪೋಲೀಸಿನವರ ಕಾವಲಿನಲ್ಲಿಡಬೇಕೆಂದು, ಪತ್ರಿಕೋದ್ಯೋಗಿ ಷೀಲಾ ಬರ್ಸೆಯವರು ಬರೆದ ಕಾಗದದ ಮೇಲೆ 1983ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞೆ ಮಾಡಿತು.

ಹದಿನೆಂಟು ತುಂಬದವರು ಕಾಯಿದೆಯ ಕಣ್ಣಿನಲ್ಲಿ ಮಕ್ಕಳೇ. 2015ರ ಬಾಲನ್ಯಾಯ ಕಾಯಿದೆಯ 10ನೆಯ ಪ್ರಕರಣದಂತೆ ಮಗುವನ್ನು ಠಾಣೆಯ ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡಕೂಡದು. ಮಕ್ಕಳ ಕಲ್ಯಾಣಕ್ಕೆಂದು ನೇಮಕವಾದ ಪೋಲೀಸು ಅಧಿಕಾರಿಯ ವಶಕ್ಕೆ ಒಪ್ಪಿಸಿ, 24 ಗಂಟೆಗಳೊಳಗೆ ಬಾಲನ್ಯಾಯ ಮಂಡಲಿಯ ಮುಂದೆ ನಿಲ್ಲಿಸಬೇಕು. ಮಗುವಿಗೆ ಕೈಕೋಳ ಹಾಕಕೂಡದು. ಆದುದರಿಂದ ಹುಡುಗಿಯರು ವಯಸ್ಸನ್ನು ನಿಜವಾಗಿ ಹೇಳಿ, ಶಾಲೆಯ ಗುರುತಿನ ಚೀಟಿಯನ್ನು ತೋರಿಸಿ, ತಾಯಿತಂದೆಗಳಿಗೆ ತಿಳಿಸಬೇಕೆಂದು ಕೇಳಬೇಕು.

ನಿಯಮ ಮುರಿದರೆ ಏನು ಮಾಡಬೇಕು?

ಇಷ್ಟು ನಿಯಮಗಳಿದ್ದಾಗ್ಯೂ ಅವು ಮುರಿಯಲ್ಪಡುವುದುಂಟು. ಆಗ ರಸ್ತೆಯಲ್ಲಿಯೇ ಜಗಳವಾಡಿ ಗೆಲ್ಲಲು ಹೋಗಬಾರದು. ಕೈಮಾಡುವುದು, ತಳ್ಳುವುದು, ಅಡ್ಡಿಪಡಿಸುವುದು ಇವು ತಾವೇ ಅಪರಾಧಗಳಾಗಿ, ನ್ಯಾಯವಾಗಿದ್ದ ನಿಮ್ಮ ಪಕ್ಷವನ್ನು ಕೆಡಿಸುತ್ತವೆ. ಶೋಧನೆಯು ಕ್ರಮತಪ್ಪಿ ನಡೆಯಿತೆಂಬ ಮಾತ್ರದಿಂದ ಸಿಕ್ಕಿದ ವಸ್ತುವು ನ್ಯಾಯಾಲಯದಲ್ಲಿ ತಾನಾಗಿಯೇ ಬಿದ್ದುಹೋಗುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಅಪೊಸ್ತಲನಾದ ಪೌಲನನ್ನು ಯೆರೂಸಲೇಮಿನಲ್ಲಿ ವಿಚಾರಣೆಯಿಲ್ಲದೆ ಹೊಡೆಯಲು ಕಟ್ಟಿದಾಗ ಅವನು ತನ್ನ ಪ್ರಜಾಹಕ್ಕನ್ನು ಶಾಂತವಾಗಿ ಒಂದೇ ಪ್ರಶ್ನೆಯಿಂದ ನೆನಪಿಗೆ ತಂದನೆಂಬುದನ್ನು ನಮ್ಮ ಮಕ್ಕಳು ವೇದಪಾಠದಲ್ಲಿ ಓದಿದ್ದಾರೆ. ಕಟ್ಟಿದವರೇ ಹೆದರಿ ಹಿಂದೆಗೆದರು. ಹಕ್ಕನ್ನು ಹೇಳಿಕೊಳ್ಳುವ ರೀತಿ ಅದು.

ಆದುದರಿಂದ ಪೋಲೀಸಿನವರ ಹೆಸರು, ಠಾಣೆ, ವಾಹನದ ಸಂಖ್ಯೆ, ಹೊತ್ತು, ಸ್ಥಳ, ಕಂಡವರ ಹೆಸರು ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಂದೇ ಬರೆದಿಡಬೇಕು. ಪೆಟ್ಟಾಗಿದ್ದರೆ ಅಂದೇ ವೈದ್ಯರಿಗೆ ತೋರಿಸಿ ಚೀಟಿ ಪಡೆಯಬೇಕು. ಮಂಡ್ಯದ ಜಿಲ್ಲಾ ಪೋಲೀಸು ಸೂಪರಿಂಟೆಂಡೆಂಟರಿಗೆ ಸ್ಪೀಡ್ ಪೋಸ್ಟಿನಲ್ಲಿ ದೂರು ಕಳುಹಿಸಿ ಅದರ ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಬೇಕು. ಅಲ್ಲಿಯೂ ಪರಿಹಾರ ದೊರೆಯದಿದ್ದರೆ ಮ್ಯಾಜಿಸ್ಟ್ರೇಟರಿಗೂ, ರಾಜ್ಯದ ಪೋಲೀಸು ದೂರುಗಳ ಪ್ರಾಧಿಕಾರಕ್ಕೂ, ರಾಜ್ಯದ ಮಾನವ ಹಕ್ಕುಗಳ ಆಯೋಗಕ್ಕೂ ಬರೆದುಕೊಳ್ಳಬಹುದು. ಠಾಣೆಗಳಲ್ಲಿ ಚಿತ್ರಗ್ರಾಹಕ ಯಂತ್ರಗಳಿರಬೇಕೆಂದು 2020ನೆಯ ಡಿಸೆಂಬರ್ 2ರಂದು ಸರ್ವೋಚ್ಚ ನ್ಯಾಯಾಲಯವು ಆಜ್ಞೆ ಮಾಡಿರುವುದರಿಂದ, ಠಾಣೆಯೊಳಗೆ ನಡೆದುದರ ಚಿತ್ರವನ್ನು ಕಾದಿಡಬೇಕೆಂದು ದೂರಿನಲ್ಲಿಯೇ ಕೇಳಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಸುಮ್ಮನಾಗಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೆಯ ಪ್ರಕರಣದಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ವಶದಲ್ಲಿರುವವರು ಇವರಿಗೆಲ್ಲ ವರಮಾನವನ್ನು ನೋಡದೆ ವಕೀಲರ ಸಹಾಯವು ಉಚಿತವಾಗಿ ದೊರೆಯುತ್ತದೆ. ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು. 15100 ಎಂಬ ಸಂಖ್ಯೆಗೆ ಫೋನು ಮಾಡಿದರೂ ಆಗುತ್ತದೆ. ತುರ್ತಿಗೆ 112, ಮಕ್ಕಳ ಸಹಾಯಕ್ಕೆ 1098, ಹೆಂಗಸರ ಸಹಾಯಕ್ಕೆ 181 ಇವೆ. ಈ ನಾಲ್ಕು ಸಂಖ್ಯೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡು, ಮನೆಯ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಿರಿ.

ಈ ಸಂಚಿಕೆಯನ್ನು ಓದುವ ಮಕ್ಕಳಲ್ಲಿ ಕೆಲವರು ಮುಂದೆ ವಕೀಲರಾಗಬಹುದು. ಕೆಲವರು ಪೋಲೀಸು ಇಲಾಖೆಯನ್ನೇ ಸೇರಬಹುದು. ಹೆಣ್ಣುಮಕ್ಕಳ ಶೋಧನೆಗೆ ಹೆಣ್ಣು ಪೋಲೀಸಿನವರೇ ಬೇಕೆಂದು ಕಾಯಿದೆಯು ಹೇಳುವುದಾದರೆ, ಆ ಕೆಲಸಕ್ಕೆ ವಿದ್ಯಾವತಿಯರೂ ದಯಾವಂತೆಯರೂ ಆದವರು ಮುಂದೆ ಬರಬೇಕಷ್ಟೆ. ಹಾಗೆ ಸಮವಸ್ತ್ರವನ್ನು ಧರಿಸಿ ನೀವು ದಾರಿಯಲ್ಲಿ ನಿಂತ ದಿನ, ಎದುರಿಗೆ ಬರುವ ಬಡ ಹೆಂಗಸನ್ನು “ಅಮ್ಮಾ” ಎಂದು ಕರೆದು, ಕಾರಣವನ್ನು ಹೇಳಿ, ಅವಳ ಗಂಟನ್ನು ಬಿಚ್ಚಿ ನೋಡಿದ ಮೇಲೆ ಮೊದಲಿನಂತೆಯೇ ಕಟ್ಟಿ ಕೊಡಿರಿ.